ಬ್ರಿಡ್ಜ್: ಪಾಯಿಂಟ್ ಎಣಿಸೋದು ಬರ್ತೈತಿ, ಎಲ್ಲಿ ನಿಲ್ಲಬೇಕು ಅನ್ನೋದು ಬರವಲ್ದು

ಟಿಳಕವಾಡಿ ಟೇಬಲ್ (ಬೆಳಗಾವಿ)

ಎಲ್ಲಾರಿಗೂ ನಮಸ್ಕಾರ್ರಿ. ನಾವು ಎಂಟು ಮಂದಿ, ಎರಡು ಟೇಬಲ್, ಬ್ರಿಡ್ಜ್ ಇಸ್ಪೀಟ್ ಆಟ ಟೀಮ್ ಆಫ್ ಫೋರ್ (ನಾಲ್ಕು ನಾಲ್ಕು ಮಂದಿ ತಂಡ) ಆಡ್ತೀವಿ, ಲೆಕ್ಕ ಇಂಪ್‌ನ್ಯಾಗ (ಎರಡು ಟೇಬಲ್ ಅಂಕದ ಅಂತರದಿಂದ ಬರೋ ಪಾಯಿಂಟ್). ನಡುನಡುವೆ ಆನ್‌ಲೈನ್‌ನ್ಯಾಗ ಪೇರ್ಸ್‌ಗೂ (ಜೋಡಿ ಜೋಡಿಗೆ ಪೈಪೋಟಿ) ಕೂಡ್ತೀವಿ. ಐದೆಲೆ ಮೇಜರ್ (ಸ್ಪೇಡ್, ಹಾರ್ಟ್), 15–17ರ 1 ನೋ ಟ್ರಂಪ್ (ತುರುಫು ಇಲ್ಲದ ಆಟ), ಸ್ಟೇಮನ್, ಟ್ರಾನ್ಸ್‌ಫರ್, ಬ್ಲ್ಯಾಕ್‌ವುಡ್ ಇಷ್ಟು ಬಿಡ್ಡಿಂಗ್ (ಹರಾಜಿನ) ಪದ್ಧತಿ. ಎಲ್ಲಾರೂ ರಮ್ಮಿಯಿಂದ ಬಂದವರು. ಪುಸ್ತಕದ ನಿಯಮ ಗೊತ್ತು, ಟೇಬಲ್ ಮ್ಯಾಲ ನಿರ್ಧಾರಕ್ಕ ಬಂದಾಗ ಗೊಂದಲ. ಮೂರು ಪ್ರಶ್ನೆ ಇಡ್ತೀನಿ.

1) ಪಾರ್ಟ್ನರ್ 1 ಸ್ಪೇಡ್ ಓಪನ್ ಮಾಡ್ಯಾರ (ಮೊದಲ ಬಿಡ್). ಈ ಎರಡೂ ಕೈಯಾಗ 10 ಪಾಯಿಂಟ್:

ಕೈ ಅ: ಸ್ಪೇಡ್ ರಾಜ 9 6 4, ಹಾರ್ಟ್ 7, ಡೈಮಂಡ್ ಎಕ್ಕ 10 5 3, ಕ್ಲಬ್ ರಾಜ 6 4 2
ಕೈ ಆ: ಸ್ಪೇಡ್ ರಾಣಿ 6 4, ಹಾರ್ಟ್ ರಾಣಿ ಗುಲಾಮ 5, ಡೈಮಂಡ್ ರಾಜ ಗುಲಾಮ 3, ಕ್ಲಬ್ ಗುಲಾಮ 8 7 2

ಎರಡಕ್ಕೂ 3 ಸ್ಪೇಡ್ ಇನ್ವಿಟೇಶನ್ (ಗೇಮ್‌ಗೆ, ಅಂದ್ರ ಬೋನಸ್ ಸಿಗೋ ಮಟ್ಟಕ್ಕ, ಕರೆ) ಅಂತ ನಮ್ಮಲ್ಲಿ ರೂಢಿ. ಸರಿ ಏನ್ರಿ?

2) ಪೇರ್ಸ್ ಆಟ, ಎರಡೂ ಕಡೆ ವಲ್ನರಬಲ್ (ಬೋನಸ್ಸೂ ದಂಡಾನೂ ಹೆಚ್ಚಿರೋ ಸ್ಥಿತಿ). ನಾನು 1 ಸ್ಪೇಡ್, ಎಡಗಡೆಯವರು 2 ಹಾರ್ಟ್, ಪಾರ್ಟ್ನರ್ 2 ಸ್ಪೇಡ್, ಬಲಗಡೆಯವರು 3 ಹಾರ್ಟ್. ನನ್ನ ಕೈ: ಸ್ಪೇಡ್ ರಾಜ ರಾಣಿ 10 7 4, ಹಾರ್ಟ್ 8 3, ಡೈಮಂಡ್ ಎಕ್ಕ ಗುಲಾಮ 6, ಕ್ಲಬ್ ರಾಣಿ 9 5. ಪಾಸ್, 3 ಸ್ಪೇಡ್, ಡಬಲ್ (ಅವರ ಬಿಡ್ ಅಂಕ ದುಪ್ಪಟ್ಟು ಅನ್ನೋ ಕರೆ), ಯಾವುದು?

3) 3 ನೋ ಟ್ರಂಪ್, ಡಿಕ್ಲೇರರ್ (ಬಿಡ್ ಗೆದ್ದು ಆಡೋರು) ದಕ್ಷಿಣ; ಡಮ್ಮಿ ಅಂದ್ರ ಪಾರ್ಟ್ನರ್ ತೆರೆದಿಟ್ಟ ಕೈ. ಪಶ್ಚಿಮದವರು ಸ್ಪೇಡ್ 6 ಇಳಿಸ್ಯಾರ.

ಡಮ್ಮಿ: ಸ್ಪೇಡ್ 7 3, ಹಾರ್ಟ್ ರಾಜ 6 4, ಡೈಮಂಡ್ ಎಕ್ಕ ಗುಲಾಮ 10 9 5, ಕ್ಲಬ್ ರಾಜ 8 2
ದಕ್ಷಿಣ: ಸ್ಪೇಡ್ ಎಕ್ಕ 8 4, ಹಾರ್ಟ್ ಎಕ್ಕ ರಾಣಿ 3, ಡೈಮಂಡ್ ರಾಣಿ 8 2, ಕ್ಲಬ್ ಎಕ್ಕ 7 5 4

ಪೂರ್ವದವರು ಸ್ಪೇಡ್ ರಾಣಿ ಹಾಕಿದ್ರು. ಎಕ್ಕ ಯಾವಾಗ ಹೊಡೀಬೇಕು?

ಇನ್ನೊಂದು ಸಣ್ಣ ಸಂಶಯ. ನಮ್ಮೊಳಗ ಬಹಳ ಮಂದಿ 60ರ ಆಸುಪಾಸಿನವರು. 52 ಎಲೆ ನೆನಪಿಡೋದು ಈ ವಯಸ್ಸಿನಾಗ ಆಗೋ ಮಾತಾ?

---

ಗೋಳಗುಮ್ಮಟ 52 (ವಿಜಯಪುರ)

ಮೊದಲೆರಡು ಪ್ರಶ್ನೆಗೆ ನಾನು ಬರೆಯುತ್ತೇನೆ, ಮೂರನೆಯದಕ್ಕೆ ಬಾಗಲಕೋಟೆಯವರು ಬರುತ್ತಾರೆ ಬಿಡಿ, ನೋ ಟ್ರಂಪ್ ಅಂದರೆ ಅವರು ಸುಮ್ಮನಿರುವವರಲ್ಲ.

ಎಕ್ಕ 4, ರಾಜ 3, ರಾಣಿ 2, ಗುಲಾಮ 1 ಎಂಬ ಲೆಕ್ಕ ಸಮತಟ್ಟಾದ ಕೈಗಳಿಗೆ, ನೋ ಟ್ರಂಪ್‌ಗೆ ಚೆನ್ನಾಗಿ ಹೊಂದುತ್ತದೆ. ತುರುಫಿನಲ್ಲಿ ಎಂಟೊಂಬತ್ತು ಎಲೆ ಕೂಡಿದ ಕ್ಷಣ ಆ ಲೆಕ್ಕ ಹಳೆಯದಾಯಿತು. ಆಗ ಸೋಲುವ ಎಲೆಗಳನ್ನು ಎಣಿಸಿ. ಪ್ರತಿ ಬಣ್ಣದ (ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್) ಮೇಲಿನ ಮೂರು ಎಲೆಗಳ ಜಾಗ ಮಾತ್ರ ನೋಡಬೇಕು. ಎಕ್ಕ, ರಾಜ, ರಾಣಿ ಇವುಗಳಲ್ಲಿ ಯಾವುದು ಇಲ್ಲವೋ ಅದೊಂದು ಲೂಸರ್. ಒಂಟಿ ಎಲೆ ಎಕ್ಕವಲ್ಲದಿದ್ದರೆ ಒಂದೇ ಲೂಸರ್, ಬಣ್ಣವೇ ಇಲ್ಲದಿದ್ದರೆ ಸೊನ್ನೆ.

ಕೈ ಅ: ಸ್ಪೇಡ್ 2, ಹಾರ್ಟ್ 1, ಡೈಮಂಡ್ 2, ಕ್ಲಬ್ 2, ಒಟ್ಟು 7. ಕೈ ಆ: ಸ್ಪೇಡ್ 2, ಹಾರ್ಟ್ 2, ಡೈಮಂಡ್ 2, ಕ್ಲಬ್ 3, ಒಟ್ಟು 9. ಸಾಧಾರಣ ಓಪನಿಂಗ್ ಕೈಯಲ್ಲಿ 7 ಲೂಸರ್ ಇರುತ್ತವೆ. ಇಬ್ಬರದನ್ನೂ ಕೂಡಿಸಿ 24ರಿಂದ ಕಳೆಯಿರಿ. ಅ ಕೈಗೆ 24 – 14 = 10 ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು), ಬಿಡ್ ಸಂಖ್ಯೆಗೆ ಆರು ಕೂಡಿಸಿದಷ್ಟು ಟ್ರಿಕ್ ಬೇಕು, ಅಂದರೆ 4 ಸ್ಪೇಡ್ ಗೇಮ್. ಆ ಕೈಗೆ 24 – 16 = 8, ಅಂದರೆ 2 ಸ್ಪೇಡ್ ಹೇಳಿ ಸುಮ್ಮನಾಗುವುದು. ಒಂದೇ 10 ಪಾಯಿಂಟ್, ಎರಡು ಟ್ರಿಕ್ ಅಂತರ. ನಿಮ್ಮ ರೂಢಿಯ 3 ಸ್ಪೇಡ್ ಎರಡಕ್ಕೂ ತಪ್ಪು: ಒಂದಕ್ಕೆ ಕಡಿಮೆ, ಇನ್ನೊಂದಕ್ಕೆ ಹೆಚ್ಚು.

ಅ ಕೈಗೆ ಇನ್ನೂ ಒಳ್ಳೆಯ ಬಿಡ್ 4 ಹಾರ್ಟ್, ಸ್ಪ್ಲಿಂಟರ್. "ಸ್ಪೇಡ್ ನಾಲ್ಕಿವೆ, ಗೇಮ್ ಗ್ಯಾರಂಟಿ, ಹಾರ್ಟ್ ಒಂದೇ" ಎಂಬುದನ್ನು ಒಂದೇ ಮಾತಲ್ಲಿ ತಿಳಿಸಿದಂತಾಯಿತು. ಪಾರ್ಟ್ನರ್ ಕೈಯಲ್ಲಿ ಹಾರ್ಟ್ ರಾಜ ರಾಣಿ ಗುಲಾಮ ಇದ್ದರೆ ಆ 6 ಪಾಯಿಂಟ್ ನಿಮ್ಮ ಒಂಟಿ ಎಲೆಯ ಎದುರು ವ್ಯರ್ಥ, ಅವರು 4 ಸ್ಪೇಡ್‌ಗೆ ನಿಲ್ಲುತ್ತಾರೆ. ಹಾರ್ಟ್‌ನಲ್ಲಿ ಮೂರು ಪುಟಾಣಿ ಎಲೆ ಇದ್ದು ಪಾಯಿಂಟೆಲ್ಲ ಹೊರಗಿನ ಬಣ್ಣಗಳಲ್ಲಿದ್ದರೆ ಸ್ಲ್ಯಾಮ್ (12 ಅಥವಾ 13 ಟ್ರಿಕ್) ಹುಡುಕುತ್ತಾರೆ. ಟೇಬಲ್‌ನಲ್ಲಿ ಇದನ್ನು ಇನ್ನೂ ಒಪ್ಪಿಕೊಂಡಿಲ್ಲವಾದರೆ ಮೊದಲು ಮಾತಾಡಿಕೊಳ್ಳಿ. ಪಾರ್ಟ್ನರ್ 4 ಹಾರ್ಟ್‌ಗೆ ಪಾಸ್ ಹೇಳಿಬಿಟ್ಟರೆ ಒಂಟಿ ಎಲೆಯ ಬಣ್ಣವೇ ತುರುಫು.

ಎದುರಾಳಿ ಬಾಯಿ ತೆರೆದಾಗಲೆಲ್ಲ ಪಾಯಿಂಟ್ ಮತ್ತೆ ಎಣಿಸಬೇಕು. ನಿಮ್ಮಲ್ಲಿ ಹಾರ್ಟ್ ರಾಜ 5 ಇದೆ ಅನ್ನಿ. ಹಾರ್ಟ್ ಹೇಳಿದವರು ನಿಮ್ಮ ಬಲಗಡೆ ಇದ್ದರೆ ಎಕ್ಕ ನಿಮಗಿಂತ ಮೊದಲು ಆಡುವವರ ಕೈಯಲ್ಲಿರುವ ಸಂಭವ ಹೆಚ್ಚು, ರಾಜ ಗಟ್ಟಿ. ಎಡಗಡೆಯವರು ಹೇಳಿದ್ದರೆ ಎಕ್ಕ ನಿಮ್ಮ ರಾಜನ ಹಿಂದೆ ಕೂತಿದೆ, ಆ 3 ಪಾಯಿಂಟನ್ನು 1 ಎಂದೇ ಹಿಡಿಯಿರಿ.

ಇನ್ವಿಟೇಶನ್ ಒಪ್ಪಬೇಕೇ ಬೇಡವೇ ಎಂಬುದು ಸ್ಕೋರಿಂಗ್ ಮೇಲೆ ನಿಂತಿದೆ. ನೀವು ಇಂಪ್ ಆಡುವವರು, ಇದನ್ನು ಬಾಯಿಪಾಠ ಮಾಡಿ. ವಲ್ನರಬಲ್ 4 ಸ್ಪೇಡ್ ಆದರೆ 620, ಇನ್ನೊಂದು ಟೇಬಲ್‌ನಲ್ಲಿ ಪಾರ್ಟ್‌ಸ್ಕೋರ್‌ನಲ್ಲಿ (ಗೇಮ್‌ಗಿಂತ ಕೆಳಗೆ) ನಿಂತವರಿಗೆ 170. ಅಂತರ 450, ಅಂದರೆ 10 ಇಂಪ್ ಲಾಭ. ಒಂದು ಡೌನ್ (ಒಂದು ಟ್ರಿಕ್ ಕಡಿಮೆ) ಆದರೆ –100, ಅತ್ತ +140. ಅಂತರ 240, ಅಂದರೆ 6 ಇಂಪ್ ನಷ್ಟ. 16ಕ್ಕೆ 6, ಶೇ. 37.5 ಸಾಧ್ಯತೆ ಇದ್ದರೂ ಗೇಮ್ ಹೇಳುವುದೇ ಲಾಭ. ನಾನ್ ವಲ್ನರಬಲ್‌ನಲ್ಲಿ 6 ಇಂಪ್ ಲಾಭ, 5 ನಷ್ಟ, ಹಾಗಾಗಿ ಶೇ. 45 ಬೇಕು. ಮ್ಯಾಚ್‌ಪಾಯಿಂಟ್ ಪೇರ್ಸ್‌ನಲ್ಲಿ ಸರಿಸುಮಾರು ಅರ್ಧಕ್ಕರ್ಧ. ವಲ್ನರಬಲ್ ಇದ್ದಾಗ ಹೆದರಿ ಹಿಂದೆ ಸರಿಯುವುದು ಹೊಸಬರ ಸಹಜ ಪ್ರವೃತ್ತಿ; ಇಂಪ್ ಆಟದ ಗೇಮ್ ಬಿಡ್ಡಿಂಗ್‌ನಲ್ಲಿ ಅದು ತಿರುಗಾಮುರುಗಾ.

ಎರಡನೆಯ ಪ್ರಶ್ನೆಗೆ: ಪಾಸ್. ಕಾರಣ ಲೆಕ್ಕದಲ್ಲೇ ಇದೆ. ನಮ್ಮ ತುರುಫು ಮತ್ತು ಅವರ ತುರುಫು ಕೂಡಿಸಿದರೆ ಬರುವ ಸಂಖ್ಯೆ, ಎರಡೂ ಕಡೆಯವರು ತಮ್ಮ ತಮ್ಮ ತುರುಫಿನಲ್ಲಿ ಗೆಲ್ಲಬಹುದಾದ ಟ್ರಿಕ್‌ಗಳ ಮೊತ್ತಕ್ಕೆ ಹತ್ತಿರ ಇರುತ್ತದೆ. ನಮ್ಮವು 5 + 3 = 8. ಅವರವು 9 ಇದ್ದರೆ ಒಟ್ಟು 17: ಅವರಿಗೆ 9 ಸಿಕ್ಕರೆ ನಮಗೆ 8, ಆಗ 3 ಸ್ಪೇಡ್ ಒಂದು ಡೌನ್, –140ರ ಬದಲು –100, ಒಳ್ಳೆಯದೇ. ಅವರವೂ 8 ಇದ್ದರೆ ಒಟ್ಟು 16: ಅವರಿಗೆ 9 ಸಿಕ್ಕರೆ ನಮಗೆ 7, ಎರಡು ಡೌನ್, –200. ಅವರಿಗೆ 8 ಸಿಕ್ಕರೆ ನಮಗೂ 8, ಸುಮ್ಮನಿದ್ದರೆ ಬರುತ್ತಿದ್ದ +100 ಬಿಟ್ಟು –100 ತಗೊಂಡ ಹಾಗೆ. ಪೇರ್ಸ್‌ನಲ್ಲಿ ಪಾರ್ಟ್‌ಸ್ಕೋರ್ ಕದನದಲ್ಲಿ –200 ಎಂದರೆ ಬಹುತೇಕ ತಳದ ಅಂಕ, ಏಕೆಂದರೆ ಅವರ ಮೂರನೇ ಹಂತದ ಮೇಜರ್ 140 ಅಷ್ಟೇ.

16 ಇದೆಯೋ 17 ಇದೆಯೋ ಎಂದು ನಿಮ್ಮ ಕೈಯೇ ಹೇಳುತ್ತಿದೆ. 5-3-3-2, ಸಪ್ಪೆ ಆಕಾರ. ಡೈಮಂಡ್ ಗುಲಾಮ, ಕ್ಲಬ್ ರಾಣಿ ಇವೆಲ್ಲ ಹೊರ ಬಣ್ಣದ ಸಣ್ಣ ಚಿತ್ರದೆಲೆಗಳು. ಡಿಫೆನ್ಸ್‌ನಲ್ಲಿ (ಅವರ ಆಟ ತಡೆಯುವಾಗ) ಟ್ರಿಕ್ ಕೊಡುತ್ತವೆ, ನಮ್ಮ ಕಾಂಟ್ರ್ಯಾಕ್ಟ್‌ಗೆ (ಕೊನೆಗೆ ನಿಂತ ಬಿಡ್‌ಗೆ) ಅಷ್ಟು ಉಪಯೋಗವಿಲ್ಲ. ಪಾರ್ಟ್ನರ್ ಹತ್ತಿರ ನಾಲ್ಕನೇ ಸ್ಪೇಡ್ ಅಥವಾ ಒಂಟಿ ಹಾರ್ಟ್ ಇದ್ದರೆ ಅವರೇ 3 ಸ್ಪೇಡ್ ಹೇಳುತ್ತಾರೆ, ಹೇಳಬೇಕಾದ ಜವಾಬ್ದಾರಿ ಹೆಚ್ಚುವರಿ ಎಲೆ ಇದ್ದವರದು. ನಿಮ್ಮ ಕೈಯಲ್ಲೇ ಆರು ಸ್ಪೇಡ್, ಒಂದೇ ಹಾರ್ಟ್ ಇದ್ದಿದ್ದರೆ ಎರಡನೇ ಯೋಚನೆ ಇಲ್ಲದೆ 3 ಸ್ಪೇಡ್.

ಡಬಲ್ ವಿಷಯ: 2 ಸ್ಪೇಡ್ ಮೇಲೆ ಅವರು 3 ಹಾರ್ಟ್ ಹೇಳಿದಾಗ 3 ಸ್ಪೇಡ್‌ಗೆ ಮೊದಲು ಜಾಗವೇ ಉಳಿಯುವುದಿಲ್ಲ. ಹಾಗಾಗಿ ಬಹಳ ಜೋಡಿಗಳು ಇಲ್ಲಿ ಡಬಲ್ಲನ್ನು "ಗೇಮ್ ಆಗಬಹುದೇ?" ಎಂಬ ಕರೆಯಾಗಿ ಇಟ್ಟುಕೊಳ್ಳುತ್ತಾರೆ, 3 ಸ್ಪೇಡ್ ಬರೀ ಪೈಪೋಟಿ. ನೀವೂ ಹಾಗೆ ಒಪ್ಪಂದ ಮಾಡಿಕೊಂಡು ಕಾರ್ಡ್ ಮೇಲೆ ಬರೆದಿಡಿ.

---

ಘಟಪ್ರಭಾ ಡಮ್ಮಿ (ಬಾಗಲಕೋಟೆ)

ಗೋಳಗುಮ್ಮಟದವರು ಕರದಾರ, ಬಂದೀನಿ.

ಡಮ್ಮಿ ಇಳೀತಂದ್ರ ಕೈ ಕಟ್ಟಿ ಕೂಡ್ರಿ. ಡಮ್ಮಿಯಿಂದ ಒಂದೇ ಎಲೆ ಆಡಬೇಕಾಗಿದ್ರೂ ಪೂರಾ ಲೆಕ್ಕ ಮುಗಿಯೋತನಾ ಮುಟ್ಟಬ್ಯಾಡ್ರಿ. ಸೋತ ಕಾಂಟ್ರ್ಯಾಕ್ಟ್ ಭಾಳಷ್ಟು ಮೊದಲನೇ ಟ್ರಿಕ್‌ನ್ಯಾಗ ಸೋತಿರ್ತಾವ, ಗೊತ್ತಾಗೋದು ಎಂಟನೇದ್ರಾಗ.

ಗಟ್ಟಿ ಟ್ರಿಕ್ ಎಣಿಸ್ರಿ: ಸ್ಪೇಡ್ 1, ಹಾರ್ಟ್ 3, ಡೈಮಂಡ್ 1, ಕ್ಲಬ್ 2. ಏಳು. ಎರಡು ಬೇಕು. ಡೈಮಂಡ್ ರಾಜ ಒಂದೇ ನಿಮ್ಮ ಕಡೆ ಇಲ್ಲ, ಅದು ಸೋತ್ರೂ ಡೈಮಂಡ್‌ನ್ಯಾಗ ನಾಲ್ಕು ಟ್ರಿಕ್ ಬರ್ತಾವ, ಒಟ್ಟು ಹತ್ತು. ಅಂದ್ರ ಟ್ರಿಕ್ ಕೊರತೆ ಇಲ್ಲ. ಕೊರತೆ ಇರೋದು ಟೈಮ್‌ಂದು: ರಾಜ ಸೋಲೋದ್ರೊಳಗ ಅವರು ಸ್ಪೇಡ್ ಎಷ್ಟು ಎಳೀತಾರ?

ಈಗ ಲೀಡ್ (ಮೊದಲು ಇಳಿಸಿದ ಎಲೆ) ಓದ್ರಿ. 6 ಅನ್ನೋದು ಮ್ಯಾಲಿಂದ ನಾಲ್ಕನೇ ಎಲೆ ಅಂತ ಹಿಡಿದ್ರ 11ರಾಗ 6 ಕಳೀರಿ, 5 ಉಳೀತು. 6ಕ್ಕಿಂತ ದೊಡ್ಡವು ಉಳಿದ ಮೂರು ಕೈಯಾಗ ಐದು ಅದಾವ. ಡಮ್ಮಿಯಾಗ 7 ಒಂದು, ನಿಮ್ಮಲ್ಲಿ ಎಕ್ಕ, 8 ಎರಡು. ಪೂರ್ವದವರ ಹತ್ರ ಎರಡೇ ದೊಡ್ಡವು, ರಾಣಿ ಮತ್ತ ಇನ್ನೊಂದು. ಪಶ್ಚಿಮದವರ ಕೈ ರಾಜ ಗುಲಾಮ 9 6 2, ಪೂರ್ವದವರದು ರಾಣಿ 10 5 ಅಂತ ಇಟ್ಕೊಳ್ಳೋಣು.

ಎಕ್ಕ ಮೊದಲೇ ಹೊಡದ್ರಿ ಅಂದ್ರ: ಡೈಮಂಡ್ ರಾಣಿ ಓಡಿಸಿದ್ರಿ, ಪೂರ್ವದವರು ರಾಜ ತಗೊಂಡು ಸ್ಪೇಡ್ 10 ತಿರುಗಿಸಿದ್ರು, ಅಲ್ಲಿಂದ ಸ್ಪೇಡ್ ನಾಲ್ಕು ಟ್ರಿಕ್ ಹೋದ್ವು. ರಾಜ ಸೇರಿ ಐದು, ಒಂದು ಡೌನ್. ಒಮ್ಮೆ ಬಿಟ್ಟು ಎರಡನೇದಕ್ಕ ಹೊಡದ್ರೂ ಅಷ್ಟ: ಮೊದಲಿಂದು ಒಂದು, ರಾಜ ಒಂದು, ಆಮ್ಯಾಲ ಮೂರು. ಪೂರ್ವದವರ ಕೈಯಾಗ ಕೊನೇ 5 ಇನ್ನೂ ಉಳದೈತಲ್ಲ, ಅದೇ ಕೊಂಡಿ.

ಎರಡು ಸಲ ಬಿಟ್ಟು ಮೂರನೇದಕ್ಕ ಹೊಡೀರಿ. ಎರಡೂ ಕೈ ಸೇರಿ ಆ ಬಣ್ಣದಾಗ ಎಷ್ಟು ಎಲೆ ಐತಿ ಅದನ್ನ 7ರಾಗ ಕಳದ್ರ ಎಷ್ಟು ಸಲ ಬಿಡಬೇಕು ಅನ್ನೋದು ಬರ್ತೈತಿ: 7 – 5 = 2. ಈಗ ಡೈಮಂಡ್ ರಾಜ ಪೂರ್ವದವರಿಗೆ ಹೋದ್ರ ಅವರ ಹತ್ರ ಸ್ಪೇಡ್ ಇಲ್ಲ. ಏನ ತಿರುಗಿಸಿದ್ರೂ ನಿಮ್ಮ ಕೈಗೇ ಬರ್ತೈತಿ, ಹತ್ತು ಟ್ರಿಕ್. ಸ್ಪೇಡ್ 4-4 ಒಡದಿದ್ರ ಅವರ ಹತ್ರ ಇನ್ನೊಂದು ಇರ್ತೈತಿ, ಆದ್ರ ಆಗ ಒಟ್ಟು ಸೋಲೋದು ಮೂರು ಸ್ಪೇಡ್, ಒಂದು ಡೈಮಂಡ್, ನಾಲ್ಕೇ. ಕಾಂಟ್ರ್ಯಾಕ್ಟ್ ಉಳೀತು.

"ಬಿಟ್ಟುಕೊಟ್ರ ಓವರ್‌ಟ್ರಿಕ್ (ಹೇಳಿದ್ದಕ್ಕಿಂತ ಹೆಚ್ಚಿನ ಟ್ರಿಕ್) ಹೋಗ್ತೈತಿ" ಅಂತ ಪೇರ್ಸ್ ಮಂದಿ ಹೆದರ್ತಾರ. ಇಲ್ಲಿ ಆ ಹೆದರಿಕಿಗೆ ಅರ್ಥ ಇಲ್ಲ. ಡೈಮಂಡ್ ರಾಜ ಪಶ್ಚಿಮದಾಗ ಇದ್ದು ಫಿನೆಸ್ (ದೊಡ್ಡೆಲೆ ಇಂಥಾ ಕಡೆ ಐತಿ ಅಂತ ನಂಬಿ ಸಣ್ಣ ಚಿತ್ರದೆಲೆ ಗೆಲ್ಲಿಸೋದು) ಆತು ಅನ್ರಿ: ಸ್ಪೇಡ್ 1, ಹಾರ್ಟ್ 3, ಡೈಮಂಡ್ 5, ಕ್ಲಬ್ 2, ಹನ್ನೊಂದು. ಮೊದಲೇ ಹೊಡದ್ರ ಕೊನೇ ಎರಡು ಸೋಲ್ತೀರಿ, ಬಿಟ್ಟ್ರ ಮೊದಲಿನ ಎರಡು ಸೋಲ್ತೀರಿ. ಹನ್ನೊಂದು ಹನ್ನೊಂದೇ.

ಆದ್ರ ಈ 7ರ ಲೆಕ್ಕಾನ ಕುರುಡಾಗಿ ಹಚ್ಚಬ್ಯಾಡ್ರಿ. ಎರಡು ಕಡೆ ಅದು ಕೈ ಕೊಡ್ತೈತಿ. ಒಂದು, ಫಿನೆಸ್ ಸೋತ್ರ ಹೋಗೋದು ಉದ್ದ ಬಣ್ಣ ಇದ್ದವರ ಕೈಗೇ ಅಂತಿದ್ರ ಬಿಟ್ಟುಕೊಟ್ಟು ಉಪಯೋಗಿಲ್ಲ, ಅವರ ಎಲೆ ಅವರ ಹತ್ರನೇ ಅದಾವ. ಎರಡು, ಇನ್ನೊಂದು ಬಣ್ಣ ಇದಕ್ಕಿಂತ ಪೊಳ್ಳಿದ್ರ. ಕ್ಲಬ್‌ನ್ಯಾಗ ನಿಮ್ಮ ಹತ್ರ ಬರೀ ರಾಣಿ 8 2 ಎದುರು 7 5 4 ಇದ್ದಿದ್ರ ಸ್ಪೇಡ್ ಬಿಟ್ಟ ಕೂಡಲೇ ಪೂರ್ವದವರು ಕ್ಲಬ್‌ಗೆ ಹೊಳ್ಳತಿದ್ರು, ಆಗ ಸಿಕ್ಕ ಸ್ಪೇಡ್ ಎಕ್ಕ ತಗೊಂಡು ಓಡೋದೇ ಶಾಣ್ಯಾತನ.

---

ಕ್ಯಾಂಪ್ ಕಳಾವರ್ (ಬೆಳಗಾವಿ)

ಇಬ್ಬರೂ ಚೆನ್ನಾಗಿ ಬರೆದಿದ್ದಾರೆ. ಗೋಳಗುಮ್ಮಟ ಸರ್ ಅವರ ಲೂಸರ್ ಲೆಕ್ಕಕ್ಕೆ ಮಾತ್ರ ಒಂದು ತಕರಾರು. ಆ ಲೆಕ್ಕದಲ್ಲಿ ಎಕ್ಕಕ್ಕೂ ರಾಣಿಗೂ ಒಂದೇ ಬೆಲೆ, ಅದು ಸುಳ್ಳು. ಕೈಯಲ್ಲಿ ಎಕ್ಕಗಳಿಗಿಂತ ರಾಣಿಗಳು ಹೆಚ್ಚಿದ್ದರೆ ಅರ್ಧ ಲೂಸರ್ ಹೆಚ್ಚಿಗೆ ಹಿಡಿಯಿರಿ, ಎಕ್ಕಗಳೇ ಹೆಚ್ಚಿದ್ದರೆ ಅರ್ಧ ಕಡಿಮೆ. ತುರುಫು ಹೊಂದದಿದ್ದರೆ, ನೋ ಟ್ರಂಪ್ ಆಗುವಂತಿದ್ದರೆ ಆ ಲೆಕ್ಕದ ಹತ್ತಿರವೇ ಹೋಗಬೇಡಿ. ನೋ ಟ್ರಂಪ್‌ಗೆ 10, 9 ಎಷ್ಟಿವೆ, ಐದೆಲೆಯ ಬಣ್ಣ ಇದೆಯೇ ನೋಡಿ. 4-3-3-3 ಇದ್ದರೆ ಒಂದು ಪಾಯಿಂಟ್ ಕಳೆಯಿರಿ.

ನೆನಪಿನ ಪ್ರಶ್ನೆಗೆ: 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬ್ರಿಡ್ಜ್ ಪುರುಷರ ಪೇರ್ಸ್ ಚಿನ್ನ ಗೆದ್ದದ್ದು ನಮ್ಮ ಪ್ರಣವ್ ಬರ್ಧನ್, ಶಿವನಾಥ್ ಸರ್ಕಾರ್. ಬರ್ಧನ್‌ಗೆ ಆಗ 60 ವರ್ಷ. 52 ಎಲೆ ಯಾರೂ ನೆನಪಿಡುವುದಿಲ್ಲ. ಒಂದು ಬಣ್ಣದಲ್ಲಿ ಹೊರಗೆ ಎಷ್ಟಿವೆ ಎಂಬುದನ್ನಷ್ಟೇ ಹಿಡಿಯಿರಿ. ನಿಮ್ಮಲ್ಲಿ ಎಂಟಿದ್ದರೆ ಹೊರಗೆ ಐದು. ಎದುರಾಳಿ ಒಂದೊಂದು ಹಾಕಿದಾಗ "ನಾಲ್ಕು, ಮೂರು, ಎರಡು" ಎಂದು ಇಳಿಸುತ್ತ ಬನ್ನಿ. ಸುತ್ತು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಯಾರೋ ಒಬ್ಬರು ಬೇರೆ ಬಣ್ಣ ಹಾಕಿದ ಕೂಡಲೇ ಲೆಕ್ಕ ತಪ್ಪುತ್ತದೆ. ಬಿಸಾಡಿದ ಎಲೆ ಗಮನಿಸುವ ರಮ್ಮಿಯವರ ಅಭ್ಯಾಸ ಇಲ್ಲಿ ಬಂಗಾರ. ದೊಡ್ಡೆಲೆ ಕೈಯಲ್ಲಿದ್ದರೆ ಭಾರ ಎಂದು ಬೇಗ ಕಳೆದುಕೊಳ್ಳುವ ಅಭ್ಯಾಸ ಮಾತ್ರ ಬಿಡಬೇಕು.

ಒಡೆಯುವ ಪ್ರಮಾಣ ಇಷ್ಟು ಸಾಕು. ಹೊರಗೆ 5 ಇದ್ದರೆ 3-2 ಶೇ. 68. ಹೊರಗೆ 4 ಇದ್ದರೆ 3-1 ಶೇ. 50, 2-2 ಶೇ. 40. ಹೊರಗೆ 6 ಇದ್ದರೆ 4-2 ಶೇ. 48, 3-3 ಶೇ. 36 ಮಾತ್ರ. 3-3 ಒಡೆಯಲಿ ಎಂದು ಕಾಯುವುದು ಫಿನೆಸ್‌ಗಿಂತ ದುಬಾರಿ ಆಸೆ.

ಆದರೆ ಈ ಸಂಖ್ಯೆಗಳ ನಿಜವಾದ ಉಪಯೋಗ ಎರಡು ಅವಕಾಶ ಜೋಡಿಸುವುದರಲ್ಲಿ. 3 ನೋ ಟ್ರಂಪ್, ಎಂಟು ಟ್ರಿಕ್ ಇವೆ, ಎದುರಾಳಿ ಒಮ್ಮೆ ಕೈಗೆ ಬಂದರೆ ಸೋಲಿಸುತ್ತಾರೆ. ಡೈಮಂಡ್‌ನಲ್ಲಿ ಎಕ್ಕ ರಾಜ ಗುಲಾಮ 5 ಎದುರು 8 4 3 2. ಕ್ಲಬ್‌ನಲ್ಲಿ ಎಕ್ಕ ರಾಣಿ ಎದುರು 7 6. ಬಹಳ ಜನ ಡೈಮಂಡ್ ಎಕ್ಕ ಹೊಡೆದು ಗುಲಾಮನ ಫಿನೆಸ್ ತೆಗೆದುಕೊಳ್ಳುತ್ತಾರೆ, ಅದು ಶೇ. 53. ಅದರ ಬದಲು ಎಕ್ಕ, ರಾಜ ಎರಡೂ ಹೊಡೆಯಿರಿ. ರಾಣಿ ಎರಡು ಸುತ್ತಿನಲ್ಲಿ ಬೀಳುವ ಸಂಭವ ಶೇ. 33. ಬೀಳಲಿಲ್ಲವೇ, ಕೈ ಇನ್ನೂ ನಿಮ್ಮದೇ, ಕ್ಲಬ್ ಫಿನೆಸ್ ಬಾಕಿ ಇದೆ. 33 ಮತ್ತು ಉಳಿದ 67ರ ಅರ್ಧ, ಒಟ್ಟು ಶೇ. 66. ಸೋತರೆ ಕೈ ತಪ್ಪಿಹೋಗುವ ಪ್ರಯತ್ನವನ್ನು ಕೊನೆಗಿಡಿ. ಎಕ್ಕ ರಾಣಿಯ ಎದುರು ಕೈಗೆ ಹೋಗಲು ಒಂದು ಎಂಟ್ರಿ ಮಾತ್ರ ಉಳಿಸಿಕೊಂಡಿರಬೇಕು, ಇದನ್ನು ಮರೆತರೆ ಶೇಕಡಾವಾರು ಎಲ್ಲ ನೀರಲ್ಲಿ ಹೋಮ.

ಬಾರದ ಬಿಡ್ ಕೂಡ ಸಾಕ್ಷಿಯೇ. ಡೀಲ್ ಮಾಡಿದ ಪಶ್ಚಿಮದವರು ಮೊದಲಿಗೆ ಪಾಸ್ ಹೇಳಿದ್ದಾರೆ. ಆಟದಲ್ಲಿ ಅವರಿಂದ ಹಾರ್ಟ್ ಎಕ್ಕ ರಾಜ, ಕ್ಲಬ್ ರಾಣಿ ಗುಲಾಮ ಬಂದವು, ಹತ್ತು ಪಾಯಿಂಟ್ ಆಯಿತು. ಸ್ಪೇಡ್ ರಾಜನೂ ಇದ್ದಿದ್ದರೆ 13, ಓಪನ್ ಮಾಡದೆ ಇರುತ್ತಿರಲಿಲ್ಲ. ರಾಜ ಪೂರ್ವದಲ್ಲಿದೆ. ಇಲ್ಲಿ ಶೇ. 50ರ ಮಾತೇ ಇಲ್ಲ.

ಕೊನೆಗೆ ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ನಾಲ್ಕರಲ್ಲಿ ಒಂದು ಬೋರ್ಡ್ (ಒಂದು ಸಲ ಎಲೆ ಹಂಚಿದ ಆಟ) ನೀವು ಡಿಕ್ಲೇರರ್, ಒಂದು ಡಮ್ಮಿ, ಎರಡು ಡಿಫೆನ್ಸ್. ಮೂರು ಪ್ರಶ್ನೆಯಲ್ಲಿ ಒಂದೂ ಡಿಫೆನ್ಸ್ ಬಗ್ಗೆ ಇಲ್ಲ. ಆಟ ಮುಗಿದ ಮೇಲೆ ಎಲ್ಲ ಬೋರ್ಡ್ ಚರ್ಚಿಸದೆ, ಇಂಪ್ ಹೆಚ್ಚು ಹೋದ ಎರಡು ಮೂರು ಆರಿಸಿ, ಅದರಲ್ಲಿ ಒಂದಾದರೂ ಡಿಫೆನ್ಸ್ ಬೋರ್ಡ್ ಇರಲಿ. ಕಂಪ್ಯೂಟರ್ ತೋರಿಸುವ ಡಬಲ್ ಡಮ್ಮಿ ಫಲಿತಾಂಶವನ್ನು ತಲೆ ಮೇಲೆ ಹೊರಬೇಡಿ, ಅದಕ್ಕೆ ನಾಲ್ಕೂ ಕೈ ಕಾಣುತ್ತದೆ. ಮತ್ತೆ, ಸೋತವರು ಕುಂದಾ ತರಬೇಕೆಂಬ ನಿಯಮ ಇದ್ದರೆ ಚರ್ಚೆ ಕುಂದಾ ಬರುವ ಮೊದಲೇ ಮುಗಿಸಿ.

---

ಟಿಳಕವಾಡಿ ಟೇಬಲ್

ಮೂರೂ ಮಂದಿಗೆ ಧನ್ಯವಾದ್ರಿ. ಡಿಫೆನ್ಸ್‌ಗೆ ಬೇರೆ ಪ್ರಶ್ನೆ ಹಾಕ್ತೀನಿ. ಘಟಪ್ರಭಾ ಸರ, ಒಂದು ಉಳೀತು: ಅದೇ ಬೋರ್ಡ್‌ನ್ಯಾಗ ನನ್ನ ಕೈಯಾಗ ಸ್ಪೇಡ್ ಎಕ್ಕ 8 4 ಬದಲಿ ಎಕ್ಕ ಗುಲಾಮ 4 ಇದ್ದು, ಪೂರ್ವದವರು ರಾಣಿ ಹಾಕಿದ್ರ? ಆಗೂ ಎರಡು ಸಲ ಬಿಡಬೇಕಾ?

---

ಘಟಪ್ರಭಾ ಡಮ್ಮಿ

ಯಾರ ಕೈಗೆ ಸೋಲ್ತೀರಿ ಅನ್ನೋದ್ರ ಮ್ಯಾಲ ಐತ್ರಿ. ಎಕ್ಕ ಹೊಡದ್ರ ನಿಮ್ಮಲ್ಲಿ ಗುಲಾಮ 4 ಉಳೀತಾವ, ರಾಜ ಪಶ್ಚಿಮದಾಗ. ಪಶ್ಚಿಮದವರು ಕೈಗೆ ಬಂದ್ರ ಅವರು ಸ್ಪೇಡ್ ಆಡೋ ಹಂಗಿಲ್ಲ: ಸಣ್ಣದು ಹಾಕಿದ್ರ ಗುಲಾಮ ಗೆಲ್ತಾನ, ರಾಜ ಹೊಡದ್ರ ಗುಲಾಮ ಆಮ್ಯಾಲ ಗೆಲ್ತಾನ. ಪೂರ್ವದವರು ಕೈಗೆ ಬಂದ್ರ ನಿಮ್ಮ ಗುಲಾಮನ ನಡುವೆ ಹಾಯಿಸಿ ಸ್ಪೇಡ್ ಆಡ್ತಾರ, ಹಿಂದ ರಾಜ ಕಾದು ಕುಂತಿರ್ತಾನ, ಎಲ್ಲಾ ಹೋತು.

ನಿಮ್ಮ ಬೋರ್ಡ್‌ನ್ಯಾಗ ಡೈಮಂಡ್ ಸೋತ್ರ ಪೂರ್ವದವರಿಗೇ. ಅದಕ್ಕ ಇಲ್ಲೂ ಎರಡು ಸಲ ಬಿಡ್ರಿ. ಅದೇ ಡೈಮಂಡ್ ತಿರುಗಿ ಕೂತು, ಎಕ್ಕ ಗುಲಾಮ 10 ನಿಮ್ಮ ಕೈಯಾಗ, ರಾಣಿ ಡಮ್ಮಿಯಾಗ ಇದ್ರ ಫಿನೆಸ್ ಸೋತಾಗ ಕೈ ಪಶ್ಚಿಮಕ್ಕ ಹೋಗ್ತೈತಿ. ಆವಾಗ ಮೊದಲನೇ ಟ್ರಿಕ್‌ನ್ಯಾಗೇ ಎಕ್ಕ ಹೊಡೀರಿ. ಅಲ್ಲಿ ಬಿಟ್ರ ಪೂರ್ವದವರು ರಾಣಿ ಗೆದ್ದು ಮತ್ತೊಮ್ಮೆ ಸ್ಪೇಡ್ ಆಡಿ, ನಿಮ್ಮ ಗುಲಾಮನ್ನ ತಾವಾಗೇ ಕೊಂದುಬಿಡ್ತಾರ.